ತಿಹೋಮಿರನ ದನಿ ಹೋದ ದಿನ

ಒಲೆಯ ಮೇಲೆ ಕಾಫಿ ಉಕ್ಕಿ ಅಡುಗೆಮನೆಯೆಲ್ಲ ಹೊಗೆಯಾಯಿತೆಂದು ತಿಹೋಮಿರ್ ಕಿಟಕಿ ತೆರೆದ. ಹೊಗೆ ಬೇಗ ಹೋಗಲೆಂದು ಎದುರಿನ ಬಾಲ್ಕನಿಯ ಬಾಗಿಲನ್ನೂ ತೆರೆದ. ಎಡವಟ್ಟಾದದ್ದು ಅಲ್ಲೇ. ಮಾರ್ಚ್ ತಿಂಗಳಲ್ಲಿ, ಒದ್ದೆ ತಲೆಯಲ್ಲಿ, ಬರೀ ಬನಿಯನ್ ತೊಟ್ಟು ಮೊರಾವಾ ನದಿಯ ಅಡ್ಡಗಾಳಿಗೆ ಕುತ್ತಿಗೆ ಒಡ್ಡುವ ಕೆಲಸವನ್ನು ನಮ್ಮೂರಲ್ಲಿ ಹುಚ್ಚರೂ ಮಾಡುವುದಿಲ್ಲ. ಮಧ್ಯಾಹ್ನವಾಗುವಷ್ಟರಲ್ಲಿ ಅವನ ದನಿ ಪೂರ್ತಿ ಹೋಗಿತ್ತು.

ಬೇರೆಯವರಾಗಿದ್ದರೆ ಒಂದು ದಿನ ಸುಮ್ಮನಿರಬಹುದಿತ್ತು. ಆದರೆ ತಿಹೋಮಿರ್ ಬಾಸ್ಕೆಟ್‌ಬಾಲ್ ಕೋಚ್. ಬಾಗಿಲ ಚೌಕಟ್ಟಿಗೆಲ್ಲ ತಲೆ ಬಗ್ಗಿಸಿ ನಡೆಯುವ ಈ ಆಸಾಮಿ ಗ್ರೀಸ್, ಟರ್ಕಿ, ಇಟಲಿ ಎಂದು ಊರೂರು ಸುತ್ತಿ ಆಡಿ, ಎಡ ಮೊಣಕಾಲನ್ನು ಆ ಮೂರೂ ದೇಶದ ವೈದ್ಯರ ಕತ್ತರಿಗೆ ಒಪ್ಪಿಸಿ, ಕೊನೆಗೆ ಕೂತು ಮಾಡುವ ಕೆಲಸ ಬೇಕೆಂದು ಊರಿನ ತಂಡಕ್ಕೆ ಕೋಚ್ ಆಗಿ ಬಂದಿದ್ದ. ಕಾಲು ಕೂತಿತು, ಬಾಯಿ ಕೂರಲಿಲ್ಲ. ಅವನು ಬೆಂಚಿನಿಂದ ಕೂಗಿದರೆ ಹೊಳೆಯಾಚೆಯ ಹಂದಿಗಳು ಮೇವು ಬಿಟ್ಟು ತಲೆಯೆತ್ತುತ್ತವೆ ಎಂದು ಜನ ಆಡಿಕೊಳ್ಳುತ್ತಿದ್ದರು.

ಇಷ್ಟು ಕೂಗಿದರೂ ತಂಡ ಸಾಲಾಗಿ ಸೋಲುತ್ತಿತ್ತು. ಕ್ಲಬ್ಬಿನ ಅಧ್ಯಕ್ಷ ವುಕಾಶಿನ್ ಸಾಸೇಜು ಕಾರ್ಖಾನೆಯ ಯಜಮಾನ. ಏನನ್ನಾದರೂ ಕತ್ತರಿಸಲು ಹಿಂದೆಮುಂದೆ ನೋಡುವವನಲ್ಲ. "ನಾಳೆ ಸಂಜೇನೂ ಸೋತ್ರೆ ನೀನು ಹೊರಗೆ, ತಿಹೋಮಿರ್" ಎಂದು ಹಿಂದಿನ ದಿನವೇ ಹೇಳಿದ್ದ.

ಪಕ್ಕದ ಮನೆಯ ದೆಸಾಂಕಾ ಬಾಗಿಲು ತಟ್ಟಿದಳು. "ಬೆಳಿಗ್ಗೆಯಿಂದ ನಿನ್ನ ಗಲಾಟೆ ಇಲ್ಲ. ಇದೀಯೋ ಹೋದೆಯೋ ನೋಡೋಣ ಅಂತ ಬಂದೆ."

ತಿಹೋಮಿರ್ ಗಂಟಲು ತೋರಿಸಿ ಬಾಯಿ ತೆರೆದ. ತೂತಾದ ಸೈಕಲ್ ಟ್ಯೂಬಿನಂತೆ ಸುಯ್ ಎಂದಿತು. ದೆಸಾಂಕಾಳ ಕಣ್ಣು ಕಿಟಕಿಯಿಂದ ಬಾಲ್ಕನಿಗೆ ಹೋಯಿತು.

"ಅಯ್ಯೋ ನನ್ನ ಮಗನೇ, ಎರಡೂ ಕಡೆ ತೆಗೆದಿಟ್ಟಿದೀಯಾ? ನಮ್ಮ ಯಜಮಾನ್ರಿಗೆ ಕುತ್ತಿಗೆ ಹಿಡಿದಿದ್ದು ಇದೇ ಗಾಳೀಲೇ. ಆಮೇಲೆ ಆ ಮನುಷ್ಯ ರಿಟೈರ್ ಆಗೋವರೆಗೂ ಬಸ್ಸನ್ನ ಎಡಕ್ಕೆ ಮಾತ್ರ ತಿರುಗಿಸ್ತಿದ್ರು!"

ಅವಳ ಕೂಗಿಗೆ ಮೇಲಿನ ಮನೆಯ ಮಿಲೋಯೆ ರಾಕಿಯಾ ಸಾರಾಯಿಯ ಶೀಸೆ ಹಿಡಿದೇ ಇಳಿದು ಬಂದ. ದೆಸಾಂಕಾ ಅದನ್ನು ಕಿತ್ತುಕೊಂಡು ತಿಹೋಮಿರನ ಕಾಲುಚೀಲದೊಳಗೆ ಸುರಿಯತೊಡಗಿದಳು.

"ನಿಲ್ಲಿಸೇ ಮಾರಾಯ್ತಿ! ನನ್ನ ತಮ್ಮನ ತೋಟದ ಪ್ಲಮ್ ಹಣ್ಣಿಂದು ಅದು. ಕುಡಿಯೋದನ್ನ ಕಾಲಿಗೆ ಸುರೀತಾರಾ?"

"ಕಾಲಿಗೆ ಹಾಕಿದ್ರೇ ಗಂಟಲು ಬಿಡೋದು. ನಿನಗೇನು ಗೊತ್ತು, ಸುಮ್ನಿರು."

ಕೊನೆಗೆ ಅರ್ಧ ಶೀಸೆ ಕಾಲುಚೀಲಕ್ಕೆ, ಉಳಿದರ್ಧ ಮಿಲೋಯೆಯ ಹೊಟ್ಟೆಗೆ ಎಂದು ರಾಜಿಯಾಯಿತು. ಬಳಿಕ ದೆಸಾಂಕಾ ಅರೆದ ಸಾಸಿವೆಯನ್ನು ಬಟ್ಟೆಗೆ ದಪ್ಪಗೆ ಬಳಿದು, ತಿಹೋಮಿರನ ಬೆನ್ನಿಗೆ ಒತ್ತಿ, ಶಾಲಿನಿಂದ ಬಿಗಿದು ಗಂಟಿನ ಮೇಲೆ ಗಂಟು ಹಾಕಿದಳು. "ಬಿಸಿ ಏರಿದಾಗ ಬಿಚ್ಚಿದ್ಯೋ, ದನಿ ಈ ಜನ್ಮದಲ್ಲಿ ಬರಲ್ಲ."

ಸಂಜೆ ಕ್ರೀಡಾಂಗಣದಲ್ಲಿ ತಂಡದ ನಾಯಕ ವುಯಾದಿನ್ ಕೋಚ್‌ನನ್ನು ನೋಡಿ, ಮೂಸಿ, ಒಂದು ಹೆಜ್ಜೆ ಹಿಂದೆ ಸರಿದ. ಆದರೂ ಧೈರ್ಯ ಹೇಳಿದ. "ನೀವು ಕೈಸನ್ನೆ ಮಾಡಿ ಸಾಕು ಕೋಚ್. ಹುಡುಗರಿಗೆ ನಾನು ಹೇಳ್ತೀನಿ."

ತಿಹೋಮಿರ್ ತಲೆಯಾಡಿಸಿ ಕೂತ. ಆಟ ಶುರುವಾಯಿತು, ಸೋಲೂ ಶುರುವಾಯಿತು. ಅಷ್ಟರಲ್ಲಿ ತುಂಬಿದ ಕ್ರೀಡಾಂಗಣದ ಸೆಕೆಗೆ ಸಾಸಿವೆ ಕಣ್ಣು ಬಿಟ್ಟಿತು. ಬೆನ್ನ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಂತಾಗಿ ತಿಹೋಮಿರ್ ಎರಡೂ ಕೈಯೆತ್ತಿ ನೆಗೆದ.

"ಕೈ ಮೇಲೆ!" ವುಯಾದಿನ್ ಕೂಗಿದ. "ಅವರಿಗೆ ಉಸಿರಾಡೋಕೆ ಬಿಡಬೇಡಿ ಅಂತಿದಾರೆ!"

ತಿಹೋಮಿರ್ ಬೆನ್ನ ಹಿಂದೆ ಕೈ ಹಾಕಿ ಗಂಟಿಗಾಗಿ ತಡಕಾಡಿದ.

"ಹಿಂದಿನಿಂದ ನುಗ್ಗಿ! ಹಿಂದಿನಿಂದ!"

ಗಂಟು ಸಿಗಲಿಲ್ಲ. ಅವನು ಬುಗುರಿಯಂತೆ ಗಿರಕಿ ಹೊಡೆದ. ಹುಡುಗರು ಚೆಂಡನ್ನು ಸುತ್ತ ತಿರುಗಿಸಿ ಬುಟ್ಟಿಗೆ ಹಾಕಿದರು. ಎದುರಾಳಿಗಳಿಗೆ ತಲೆಬುಡ ತಿಳಿಯದಾಯಿತು. ಮೊಣಕಾಲಿನ ನೆನಪೇ ಇಲ್ಲದೆ ಅವನು ಕುಣಿದಷ್ಟೂ ಅಂಕ ಏರಿತು. "ನೋಡ್ರೋ, ನನ್ನ ಪಟ್ಟಿ ಹೇಗೆ ಕೆಲಸ ಮಾಡ್ತಿದೆ!" ಎಂದು ಪ್ರೇಕ್ಷಕರ ನಡುವೆ ಕೂತ ದೆಸಾಂಕಾ ಅಕ್ಕಪಕ್ಕದವರನ್ನೆಲ್ಲ ತಿವಿದಳು. ಕೊನೆಯ ಸೀಟಿ ಊದಿದಾಗ ಊರಿನ ತಂಡ ಒಂದೇ ಅಂಕದಿಂದ ಗೆದ್ದಿತ್ತು.

ಬಟ್ಟೆ ಬದಲಿಸುವ ಕೋಣೆಗೆ ವುಕಾಶಿನ್ ಓಡಿ ಬಂದ. ತಿಹೋಮಿರನನ್ನು ದಾಟಿ ಹೋಗಿ ವುಯಾದಿನನನ್ನು ತಬ್ಬಿಕೊಂಡ. "ಇವತ್ತು ತಂಡ ನಡೆಸಿದ್ದು ನೀನು ಕಣಯ್ಯಾ. ಆಡಿದ್ದು ಸಾಕು, ಇನ್ನುಮೇಲೆ ನೀನೇ ಕೋಚ್!"

ತಿಹೋಮಿರ್ ಕಣ್ಣು ಬಾಯಿ ಬಿಟ್ಟು ನೋಡಿದ.

"ನೀನ್ಯಾಕೆ ಹಾಗೆ ನೋಡ್ತೀಯ?" ಎಂದು ಅಧ್ಯಕ್ಷ ಅವನ ಉರಿಯುವ ಬೆನ್ನಿಗೇ ಪ್ರೀತಿಯಿಂದ ಒಂದು ಬಾರಿಸಿದ. "ಸೋತ್ರೆ ಹೊರಗೆ ಅಂದಿದ್ದೆ, ಸೋತಿಲ್ವಲ್ಲ. ವುಯಾದಿನ್ ಜಾಗ ಖಾಲಿ ಆಯ್ತು ನೋಡು. ಮೊಣಕಾಲು ಹೋಗಿದೆ ಅಂತ ಊರನ್ನೆಲ್ಲ ನಂಬಿಸಿದ್ಯಲ್ಲೋ ಕಳ್ಳ! ಸಂಜೆಯೆಲ್ಲ ಮೇಕೆಮರಿ ಹಾಗೆ ನೆಗೀತಿದ್ದೆ. ಬರೋ ಪಂದ್ಯಕ್ಕೆ ನೀನೇ ಆಡು."

ತಿಹೋಮಿರ್ ಕೂಗಲು ಹೋದ. ಸುಯ್ ಎಂದಿತು. ಎರಡೂ ಕೈಯಾಡಿಸಿದ, ಮೊಣಕಾಲು ಮುಟ್ಟಿ ತೋರಿಸಿದ, ಬೆರಳನ್ನು ಗಾಳಿಯಲ್ಲಿ ಕತ್ತರಿಯಂತೆ ಆಡಿಸಿದ, ಕಣ್ಣಲ್ಲೇ ಅಂಗಲಾಚಿದ.

"ಏನಂತೆ ಇವನದು?" ವುಕಾಶಿನ್ ಕೇಳಿದ.

ಹೊಸ ಕೋಚ್ ಹಳೆಯ ಕೋಚ್‌ನನ್ನು ಕಣ್ಣು ಕಿರಿದು ಮಾಡಿ ಗಮನವಿಟ್ಟು ನೋಡಿದ.

"ಕಾಲು ತುರಿಸ್ತಿದೆಯಂತೆ ಅಧ್ಯಕ್ಷರೇ. ಬರೋ ಪಂದ್ಯದವರೆಗೂ ಕಾಯೋಕಾಗಲ್ಲ, ಈಗಲೇ ಶುರು ಮಾಡ್ತೀನಿ ಅಂತಿದಾನೆ." ಆಮೇಲೆ ಎದೆಯುಬ್ಬಿಸಿ ಹುಡುಗರತ್ತ ತಿರುಗಿದ. "ನೀವೆಲ್ಲ ಸ್ನಾನಕ್ಕೆ ಹೋಗ್ರೋ. ತಿಹೋಮಿರ್, ನೀನು ಬಾ. ಅಂಗಣಕ್ಕೆ ಇಪ್ಪತ್ತು ಸುತ್ತು. ಮೊಣಕಾಲು ಮೇಲೆತ್ತಿ ಓಡ್ಬೇಕು."