ಮೊದಲ ಸರದಿಯಲ್ಲೇ ಕ್ಯಾಚರ್

ನಾನು ಸುಮ್ಮನಿದ್ದರೂ ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತವೆ. ದೋಹಾದ ವೆಸ್ಟ್ ಬೇಯ ಕಚೇರಿಯಲ್ಲಿ ಡ್ರಾಯಿಂಗ್‌ಗಳ ಕಡತ ನೋಡಿಕೊಂಡಿರುವ ಮಂಗಳೂರಿನವಳಿಗೂ ಅಮೆರಿಕದ ಬೇಸ್‌ಬಾಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಕೇಳದಿದ್ದರೂ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಸಂಬಂಧ ಪಾರ್ಕಿಂಗ್. ನಮ್ಮ ವಿಭಾಗದಲ್ಲಿ ಎಂಟು ಕಾರು, ಬೇಸ್‌ಮೆಂಟಿನಲ್ಲಿ ನಮಗೆ ಆರು ಜಾಗ. ಉಳಿದ ಇಬ್ಬರು ರಸ್ತೆಯಾಚೆಯ ಬಯಲಿನಲ್ಲಿ ನಿಲ್ಲಿಸಬೇಕು. ದೋಹಾದ ಬೇಸಿಗೆಯಲ್ಲಿ ಅಲ್ಲಿ ಕಾರು ನಿಲ್ಲಿಸುವುದೂ ಒಲೆಯ ಮೇಲೆ ಇಡುವುದೂ ಒಂದೇ. ದಿನಾ ಜಗಳ. ಕೊನೆಗೆ ಅಮೆರಿಕದವನಾದ ನಮ್ಮ ಮ್ಯಾನೇಜರ್ ಒಂದು ಆಟ ತಂದ, ಅದರ ಹೆಸರು ಫ್ಯಾಂಟಸಿ ಬೇಸ್‌ಬಾಲ್. ನಾವು ಒಬ್ಬೊಬ್ಬರಾಗಿ ಸರದಿಯಲ್ಲಿ ಅಲ್ಲಿಯ ಆಟಗಾರರನ್ನು ಆರಿಸಿಕೊಳ್ಳಬೇಕು. ಒಬ್ಬರು ಆರಿಸಿದವನು ಇನ್ನೊಬ್ಬರಿಗೆ ಇಲ್ಲ. ಅವರು ಅಲ್ಲಿ ಆಡಿದ ಹಾಗೆ ನಮಗೆ ಇಲ್ಲಿ ಅಂಕ. ಪ್ರತಿ ತಿಂಗಳು ಅಂಕದಲ್ಲಿ ಕೊನೆಯ ಇಬ್ಬರು ಮುಂದಿನ ತಿಂಗಳು ಬಯಲಿಗೆ. ಮ್ಯಾನೇಜರಿಗೂ ರಿಯಾಯಿತಿ ಇಲ್ಲ.

ಕೀಪರ್ ಇಲ್ಲದ ಟೀಮ್

ಬೇಸ್‌ಬಾಲಿನಲ್ಲಿ ಕ್ಯಾಚರ್ ಅಂತ ಒಬ್ಬನಿದ್ದಾನೆ. ಬ್ಯಾಟ್ ಹಿಡಿದವನ ಹಿಂದೆ ಕುಕ್ಕರಗಾಲಿನಲ್ಲಿ ಕೂತು, ಚೀಲದಂಥ ದಪ್ಪ ಕೈಗವಸಿನಲ್ಲಿ ಚೆಂಡು ಹಿಡಿಯುವವನು. ಕೂತು ಕೂತು ಮಂಡಿ ನೋಯುತ್ತದೆ, ಚೆಂಡು ಬಡಿದು ಬೆರಳು ಮುರಿಯುತ್ತದೆ, ಹಾಗಾಗಿ ಆಗಾಗ ರಜೆ. ಅವನನ್ನು ನಂಬುವ ಹಾಗಿಲ್ಲ, ಎಲ್ಲರ ನಂತರ ಕೊನೆಯಲ್ಲಿ ಆರಿಸಬೇಕು ಎಂದು ತಿಳಿದವರು ಹೇಳುತ್ತಾರಂತೆ. ಅಂಥವರನ್ನು ನಾನು ಕೇಳಿರಲಿಲ್ಲ.

ನನ್ನ ಮೊದಲ ಸರದಿಯಲ್ಲಿ ಕ್ಯಾಚರನ್ನು ಆರಿಸಿದೆ. ಮೀಟಿಂಗ್ ರೂಮಿನಲ್ಲಿದ್ದ ಏಳೂ ಜನ ನನ್ನತ್ತ ತಿರುಗಿ ನೋಡಿದರು.

“ಮೊದಲ ಸರದಿಯಲ್ಲಿ ಕ್ಯಾಚರಾ?” ಎಂದ ಮ್ಯಾನೇಜರ್, ಯಾರೋ ಹೋಗಿಬಿಟ್ಟ ಸುದ್ದಿ ಕೇಳಿದವನ ಹಾಗೆ.

“ನಮ್ಮ ಕ್ರಿಕೆಟಿನಲ್ಲಿ ವಿಕೆಟ್ ಕೀಪರ್ ಇಲ್ಲದೆ ಟೀಮ್ ಇಳಿಸುವುದಿಲ್ಲ ಸರ್.”

ಅಕೌಂಟ್ಸಿನ ಮಲಯಾಳಿ ನಗು ತಡೆಯಲಾರದೆ, “ಚೇಚಿ, ಬಯಲಲ್ಲಿ ಜಾಗ ಈಗಲೇ ನೋಡಿಟ್ಟುಕೊಳ್ಳಿ” ಎಂದ.

ಆ ನಗು ನನಗೆ ಹಿಡಿಸಲಿಲ್ಲ. ಎರಡನೇ ಸರದಿಯಲ್ಲಿ ಇನ್ನೊಬ್ಬ ಕ್ಯಾಚರನ್ನು ಆರಿಸಿದೆ.

“ಟೀಮಿನಲ್ಲಿ ಕ್ಯಾಚರಿಗೆ ಒಂದೇ ಜಾಗ” ಎಂದು ಮ್ಯಾನೇಜರ್ ಮೆಲ್ಲಗೆ ತಿಳಿಸಿದ.

ಹಿಂದೆ ಸರಿಯುವ ಹೆಣ್ಣಲ್ಲ ನಾನು. ಮೂರನೆಯವನನ್ನೂ ಆರಿಸಿದೆ.

ಗೆಲ್ಲಬೇಕು, ಹೆಚ್ಚು ಗೆಲ್ಲಬಾರದು

ನಂಬಲಾಗದ ಇನ್ನೊಬ್ಬನೆಂದರೆ ಕ್ಲೋಸರ್. ಪಂದ್ಯದ ಕೊನೆಗೆ ಬಂದು ಗೆಲುವನ್ನು ಕಾಯುವ ಎಸೆತಗಾರ. ಅಲ್ಲಿ ಗೆದ್ದು ಗೆದ್ದು ಬೀಗುತ್ತಿದ್ದ ತಂಡ ಯಾವುದೆಂದು ನೋಡಿ, ಅದರ ಕ್ಲೋಸರನ್ನು ಹಿಡಿದೆ. ಅವರು ಗೆದ್ದರೆ ನನಗೆ ಅಂಕ, ಸರಿ ತಾನೇ?

ಸರಿಯಲ್ಲ. ಗೆಲುವಿನ ಅಂತರ ಕಡಿಮೆ ಇದ್ದಾಗ ಬಂದು ಅದನ್ನು ಉಳಿಸಿಕೊಟ್ಟರೆ ಮಾತ್ರ ಅವನಿಗೆ ಅಂಕ. ಆ ತಂಡ ದಿನಾ ಎದುರಾಳಿಯನ್ನು ಚಚ್ಚಿ ಹಾಕುತ್ತಿತ್ತು. ನನ್ನವನು ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದ.

ಬೆಳಿಗ್ಗೆ ಅಲ್ ವುಕೈರ್‌ನ ಮನೆಯಲ್ಲಿ ದೇವರಿಗೆ ದೀಪ ಹಚ್ಚಿ ಕೈಮುಗಿಯುವಾಗ ನನ್ನ ಗಂಡ ಕೇಳಿದರು, “ಎಂತ ಬೇಡ್ತಾ ಇದ್ದೀ, ಅಷ್ಟು ಹೊತ್ತು?”

“ನನ್ನ ತಂಡ ಗೆಲ್ಲಬೇಕು. ಆದರೆ ಜಾಸ್ತಿ ಗೆಲ್ಲಬಾರದು.”

“ಮಾರಾಯ್ತಿ, ದೇವರಿಗೆ ಬೇರೆ ಕೆಲಸ ಉಂಟು. ಎರಡರಲ್ಲಿ ಒಂದು ಹೇಳು.”

ಬಯಲಿನಲ್ಲಿ ಕೈಗವಸು

ಮೊದಲ ತಿಂಗಳೇ ನಾನು ಕೊನೆ. ಎರಡನೆಯದೂ ಹಾಗೆಯೇ. ಜೂನ್ ಬಂತು. ಸಂಜೆ ಬಯಲಿಗೆ ಹೋಗಿ ಕಾರು ಹತ್ತಿದರೆ ಸ್ಟಿಯರಿಂಗ್ ಮುಟ್ಟುವ ಹಾಗಿಲ್ಲ. ಅದಕ್ಕೆ ಅಡುಗೆಮನೆಯಿಂದ, ಓವನ್ನಿನಿಂದ ಬಿಸಿ ಟ್ರೇ ತೆಗೆಯುವ ದಪ್ಪ ಕೈಗವಸು ತಂದು ಕಾರಿನಲ್ಲಿಟ್ಟುಕೊಂಡೆ. ಅದರಲ್ಲಿ ಬೆರಳುಗಳಿಗೆ ಬೇರೆ ಬೇರೆ ಜಾಗ ಇರುವುದಿಲ್ಲ, ದೊಡ್ಡ ಚೀಲದ ಹಾಗಿರುತ್ತದೆ.

ಒಂದು ಸಂಜೆ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಮ್ಯಾನೇಜರನ ಕಾರು ನಿಂತಿತು. ತಂಪು ಬೇಸ್‌ಮೆಂಟಿನಿಂದ ಹೊರಟವನು. ನನ್ನ ಕೈ ನೋಡಿದ. ಗಾಜು ಇಳಿಸಿದ.

“ನಾಲ್ಕನೆಯ ಕ್ಯಾಚರನ್ನೂ ತಂದಿರಾ?”

ಹಸಿರು ಬಿತ್ತು. ಕೈಗವಸಿನ ಕೈಯನ್ನೇ ಬೀಸಿ ಟಾಟಾ ಹೇಳಿದೆ.

ನೆರಳಿನ ಮಾರಾಟ

ಆಗಸ್ಟಿನ ಆರಂಭದಲ್ಲಿ ಮ್ಯಾನೇಜರನ ಕ್ಯಾಚರಿನ ಬೆರಳು ಮುರಿಯಿತು. ಉಳಿದ ಒಳ್ಳೆಯ ಕ್ಯಾಚರುಗಳೆಲ್ಲ ಯಾರದೋ ಟೀಮಿನಲ್ಲಿದ್ದರು. ಮೂವರು ನನ್ನ ಹತ್ತಿರ. ಇಲ್ಲಿ ಆಟಗಾರರನ್ನು ಪರಸ್ಪರ ಬದಲಾಯಿಸಿಕೊಳ್ಳಬಹುದು, ಅದನ್ನೂ ಹೇಳಬೇಕಿತ್ತು, ಈಗ ಹೇಳಿದೆ.

ಮ್ಯಾನೇಜರ್ ನನ್ನ ಟೇಬಲ್ಲಿಗೆ ಬಂದ. ಕೈಯಲ್ಲಿ ನನಗೆಂದು ಕರಕ್ ಚಹಾ. “ಒಬ್ಬನನ್ನು ಕೊಡಿ. ನನ್ನ ಅತಿ ಒಳ್ಳೆಯ ಬ್ಯಾಟರನ್ನು ತಗೊಳ್ಳಿ.”

“ಮಾಫಿ, ಸರ್.” ಇಲ್ಲ ಎನ್ನಲು ಇಲ್ಲಿ ಎಲ್ಲರೂ ಬಳಸುವ ಮಾತು.

“ನನ್ನ ಪಾರ್ಕಿಂಗ್ ಜಾಗವನ್ನೇ ಕೊಡುತ್ತೇನೆ. ಲಿಫ್ಟಿನ ಪಕ್ಕದ್ದು.”

ಅಕೌಂಟ್ಸಿನವನ ಕೈಬೆರಳು ಕೀಬೋರ್ಡಿನ ಮೇಲೆ ನಿಂತುಹೋಯಿತು. ಮನೆಗೆ ಫೋನ್ ಮಾಡಿದರೆ ಗಂಡ, “ತಗೋ ಮಾರಾಯ್ತಿ, ಕಾರಿನ ಪೈಂಟು ಎದ್ದು ಬರ್ತಾ ಉಂಟು” ಎಂದರು.

ನಾನು ಮ್ಯಾನೇಜರಿಗೆ ಹೇಳಿದೆ, “ಜಾಗ ಬೇಕು, ಹೌದು. ಆದರೆ ಮೊದಲು ಎಲ್ಲರ ಎದುರು, ಮೊದಲ ಸರದಿಯಲ್ಲಿ ಕ್ಯಾಚರನ್ನು ಆರಿಸಿದ್ದು ಸರಿ ಅಂತ ಹೇಳಿ.”

ಅವನ ಮುಖ ಕೆಂಪಾಯಿತು. “ಅದು ಸರಿ ಅಲ್ಲ. ಯಾವತ್ತೂ ಸರಿ ಅಲ್ಲ.”

“ಹಾಗಾದರೆ ಖಲಾಸ್, ಮುಗಿಯಿತು.”

ತಿಂಗಳಿಡೀ ಅವನ ಟೀಮಿನಲ್ಲಿ ಕ್ಯಾಚರಿನ ಜಾಗ ಖಾಲಿ ಇದ್ದ ಹಾಗೆಯೇ, ಸಿಕ್ಕವನು ಅಂಕವನ್ನೇ ತರಲಿಲ್ಲ. ಅವನು ಐದಕ್ಕೆ ಇಳಿದ, ಆರಕ್ಕೆ ಇಳಿದ, ತಿಂಗಳ ಕೊನೆಗೆ ಏಳನೆಯವನಾದ. ಎಂಟನೆಯವಳು ಯಾರೆಂದು ಹೇಳಬೇಕಾಗಿಲ್ಲ.

ಸೆಪ್ಟೆಂಬರ್ ಮೊದಲ ದಿನ ಬಯಲಿನಲ್ಲಿ ನನ್ನ ಕಾರಿನ ಪಕ್ಕಕ್ಕೇ ಅವನ ದೊಡ್ಡ ಕಾರು ಬಂದು ನಿಂತಿತು. ಇಳಿದ. ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ಅಂಗಿ ಬೆನ್ನಿಗಂಟಿತು. ನಿಂತ. ಹಿಂದೆ ಬರುತ್ತಿದ್ದ ನನ್ನ ಕಡೆ ತಿರುಗಿದ. ರಸ್ತೆ ದಾಟಲು ಸಾಲಾಗಿ ನಿಂತಿದ್ದ ಅಕ್ಕಪಕ್ಕದ ಕಚೇರಿಗಳವರೆಲ್ಲ ನೋಡುತ್ತಿರುವಾಗ ಗಟ್ಟಿಯಾಗಿ ಹೇಳಿದ:

“ಸರಿ, ಒಪ್ಪಿದೆ. ಮೊದಲ ಸರದಿಯಲ್ಲಿ ಕ್ಯಾಚರನ್ನು ಆರಿಸಿದ್ದು ಸರಿ. ಈಗ ಒಬ್ಬನನ್ನು ಕೊಡಿ, ನನ್ನ ನೆರಳು ತಗೊಳ್ಳಿ.”

ನಾನು ಅವನ ಕಾರು ನೋಡಿದೆ, ನನ್ನ ಕಾರು ನೋಡಿದೆ, ಮೇಲೆ ಸೂರ್ಯನನ್ನೂ ನೋಡಿದೆ.

“ಯಾವ ನೆರಳು, ಸರ್?”