ಅಪ್ಪ ಸತ್ತಿಲ್ಲವೆಂದು ಸಿಪಾಯಿ ಜೈಭೀಮನಿಗೆ ತಿಳಿಸುವ ಕುರಿತು

ಇಂದ:
ಅಂಬಣ್ಣ, ನಿವೃತ್ತ ಅಟೆಂಡರ್ (ಜೀವಂತ),
ಬಸ್ ನಿಲ್ದಾಣದ ಹಿಂದಿನ ಓಣಿ,
ಕಮಲಾಪುರ, ಕಲಬುರಗಿ ಜಿಲ್ಲೆ.

ಗೆ:
ಮಾನ್ಯ ಕಮಾಂಡಿಂಗ್ ಆಫೀಸರ್ ಸಾಹೇಬರು,
ಅರ್ಜಿದಾರನ ಮಗ ಇರುವ ಪಲ್ಟನ್,
ಹಿಮ ಬೀಳುವ ಜಾಗ.
(ಜಾಗದ ಹೆಸರನ್ನು ಮಗ ಹೇಳಿಲ್ಲ. ಹೇಳಬಾರದೆಂಬ ನಿಯಮವಿರುವುದರಿಂದ ಅರ್ಜಿದಾರ ಕೇಳಿಲ್ಲ. ಅಂಚೆಯವರಿಗೆ ಗೊತ್ತಿರುವುದಾಗಿ ತಿಳಿದುಬಂದಿದೆ.)

ವಿಷಯ: ಅರ್ಜಿದಾರನು ಮೃತಪಟ್ಟಿರುವುದಾಗಿ ಅವನ ಮಗ ನಂಬಿ ತಲೆ ಬೋಳಿಸಿಕೊಂಡಿದ್ದು, ಸದರಿ ನಂಬಿಕೆಯನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: 1) ತಮ್ಮ ಪಲ್ಟನ್ನಿನಿಂದ ಕುಟುಂಬಗಳ ವಾಟ್ಸಾಪ್ ಗುಂಪಿಗೆ ಬಂದ ಈ ತಿಂಗಳ ವಿಡಿಯೋ, ಅದರಲ್ಲಿ ಕ್ಷೌರದ ಭಾಗ.
2) ಅರ್ಜಿದಾರನ ಮನೆಯವರು ಅದಕ್ಕೂ ಮೊದಲು ಕಳಿಸಿದ ವಿಡಿಯೋ, ಅದರಲ್ಲಿ ಬಾಳೆಹಣ್ಣಿನ ಭಾಗ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ:

1. ಅರ್ಜಿದಾರನು ಒಂದು ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿ ಸೇವೆ ಸಲ್ಲಿಸಿ, ಊರಿನವರ ಅರ್ಜಿಗಳನ್ನು ಮೇಜಿನಿಂದ ಮೇಜಿಗೆ ಸಾಗಿಸಿ ನಿವೃತ್ತನಾಗಿದ್ದಾನೆ. ಸ್ವಂತಕ್ಕೆ ಅರ್ಜಿ ಬರೆಯುತ್ತಿರುವುದು ಇದೇ ಮೊದಲು. ಅವನ ಮಗಳು ಪಂಚಶೀಲಾ ಕಲಬುರಗಿಯಲ್ಲಿ ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದು, ಇದನ್ನು ಇಂಗ್ಲಿಷಿನಲ್ಲಿ ಬರೆದುಕೊಡುವುದಾಗಿ ಹೇಳಿದಳು. ಅರ್ಜಿದಾರ ಬೇಡವೆಂದ. ಕಾರಣವನ್ನು ಕೊನೆಯಲ್ಲಿ ವಿವರಿಸಲಾಗಿದೆ.

2. ಅರ್ಜಿದಾರನಿಗೆ ಮಾತು ಕಡಿಮೆ. ಇದು ರೋಗವಲ್ಲ, ಅಭ್ಯಾಸ. ಅವನು ಸಣ್ಣವನಿದ್ದಾಗಿನಿಂದ ಮೊಹರಮ್ಮಿನ ರಿವಾಯತ್ ಪದಗಳನ್ನು ಕೇಳುತ್ತ ಬೆಳೆದವನು. ಓಣಿಯಲ್ಲಿ ಪದ ಹೇಳುವವರು ನಬಿಸಾಬ್. ಹಬ್ಬದಲ್ಲಿ ಪದ, ಉಳಿದ ದಿನ ಕೆಂಪು ಬಾಳೆಹಣ್ಣಿನ ವ್ಯಾಪಾರ. ಅವರು ಒಂದು ನುಡಿ ಮುಗಿಸಿ ನಿಲ್ಲುತ್ತಾರೆ. ಕೇಳುವವರಲ್ಲಿ ಒಬ್ಬ "ಹೌದು" ಅನ್ನಬೇಕು. ಅಂದ ಮೇಲೆಯೇ ಮುಂದಿನ ನುಡಿ. ಅನ್ನದಿದ್ದರೆ ಪದ ಅಲ್ಲಿಗೇ ನಿಂತಿರುತ್ತದೆ, ಏಕೆಂದರೆ ಕೇಳುವವನು ಇದ್ದಾನೋ ಎದ್ದು ಹೋದನೋ ಹೇಳುವವನಿಗೆ ತಿಳಿಯುವುದಿಲ್ಲ. ನಮ್ಮ ಓಣಿಯಲ್ಲಿ ಆ "ಹೌದು" ಅರ್ಜಿದಾರನದು. ಅದಕ್ಕೆ ಬೇರೆ ಹಕ್ಕುದಾರರಿಲ್ಲ.

3. ಮಗ ಜೈಭೀಮ ಸಣ್ಣವನಿದ್ದಾಗ ಅರ್ಜಿದಾರನ ತೊಡೆಯ ಮೇಲೆ ಕುಳಿತು ಇದನ್ನೆಲ್ಲ ನೋಡಿದ್ದಾನೆ. ಆದಕಾರಣ, ಸೈನ್ಯಕ್ಕೆ ಸೇರಿದ ಮೇಲೂ ಅವನು ಫೋನು ಮಾಡಿದಾಗ ಪದ್ಧತಿ ಅದೇ. ಮಾತು ಅವನ ಅವ್ವ ಸಾಬಮ್ಮನದು, ಜಗಳ ತಂಗಿಯದು. ಅರ್ಜಿದಾರ ಪಕ್ಕದಲ್ಲಿ ನಿಂತು ಕೇಳುತ್ತಾನೆ. ಕೊನೆಗೆ ಮಗ "ಆರಾಮ ಅದೀನಿ" ಅಂದು ನಿಲ್ಲುತ್ತಾನೆ. ಅರ್ಜಿದಾರ "ಹೌದು" ಅನ್ನುತ್ತಾನೆ. ಮಗ ಫೋನು ಇಡುತ್ತಾನೆ. ಇದರಿಂದ ಯಾವ ಪಕ್ಷಕ್ಕೂ ಈವರೆಗೆ ತೊಂದರೆಯಾಗಿರಲಿಲ್ಲ.

4. ತಮ್ಮ ಪಲ್ಟನ್ ಸೈನಿಕರ ದಿನಚರಿಯನ್ನು ವಿಡಿಯೋ ಮಾಡಿ ಪ್ರತಿ ತಿಂಗಳು ಕುಟುಂಬಗಳಿಗೆ ಕಳಿಸುತ್ತಿರುವುದಕ್ಕೆ ಅರ್ಜಿದಾರನ ಮನೆಯವರು ಕೃತಜ್ಞರು. ಹಿಮ ಕರಗಿಸಿ ನೀರು ಮಾಡುವುದು, ಸೀಮೆಎಣ್ಣೆ ಒಲೆಯ ಸುತ್ತ ಕುಳಿತು ಚಹಾ ಕುಡಿಯುವುದು, ಕಬ್ಬಿಣದ ಪೆಟ್ಟಿಗೆಯ ಮೇಲೆ ಕೇರಂ ಹಲಗೆ, ಎಲ್ಲವನ್ನೂ ನೋಡಲಾಗಿದೆ. ಹವಾಲ್ದಾರರೊಬ್ಬರ ಹುಟ್ಟುಹಬ್ಬಕ್ಕೆ ಸಿರಾವನ್ನು ಕೇಕಿನಂತೆ ಮಾಡಿ ಕತ್ತರಿಸಿದಾಗ ಸಾಬಮ್ಮ, "ದ್ರಾಕ್ಷಿ ಹೆಂಗ ತಿನ್ನಾಕತ್ತಾನ ನೋಡ್ರಿ. ಮನ್ಯಾಗ ಹಾಕಿದ್ರ ಒಂದೊಂದೇ ಆರಿಸಿ ತೆಗಿತಿದ್ದ" ಎಂದು ಆಕ್ಷೇಪಣೆ ಎತ್ತಿದ್ದಾಳೆ. ವಿಡಿಯೋದ ಕೊನೆಗೆ ಪ್ರತಿಯೊಬ್ಬ ಸೈನಿಕನೂ ಮನೆಗೆ ಒಂದು ಮಾತು ಹೇಳುತ್ತಾನೆ. ಜೈಭೀಮನ ಮಾತು ಪ್ರತಿ ಸಲ ಒಂದೇ: "ಅಪ್ಪಾ, ಅವ್ವಾ, ನಾ ಆರಾಮ ಅದೀನಿ."

5. ಮಳೆಗಾಲ ಮುಗಿದ ಮೇಲೆ, ಮನೆಯವರೂ ಒಂದು ವಿಡಿಯೋ ಮಾಡಿ ಕಳಿಸಬೇಕೆಂದೂ ಅದರಿಂದ ಸೈನಿಕರ ಮನೋಬಲ ಹೆಚ್ಚುತ್ತದೆಂದೂ ತಮ್ಮಿಂದ ಸೂಚನೆ ಬಂತು. ಕಳಿಸಲು ಅವಕಾಶ ಒಂದೇ ಸಲ. ಆ ಸಮಯಕ್ಕೆ ಸರಿಯಾಗಿ ಸಾಬಮ್ಮನಿಗೆ ಸೇಡಂ ರಸ್ತೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಪಿತ್ತಕೋಶದ ಆಪರೇಷನ್ ಆಗಿತ್ತು. ಮಗನಿಗೆ ತಿಳಿಸಿರಲಿಲ್ಲ. ಅಲ್ಲಿ ಹಿಮದಲ್ಲಿ ನಿಂತವನಿಗೆ ಇಲ್ಲಿಯ ಕಲ್ಲು ಯಾಕೆ ಹೊರಿಸಬೇಕು ಎಂಬುದು ಮೂವರ ಒಮ್ಮತದ ತೀರ್ಮಾನ.

6. ಕಾರಣ, ವಿಡಿಯೋವನ್ನು ಆಸ್ಪತ್ರೆಯ ಮಂಚದ ಮೇಲೆಯೇ ತೆಗೆಯಲಾಯಿತು. ಗೋಡೆ ಕಾಣದಂತೆ ಪಂಚಶೀಲಾ ಹಿಂದೆ ಹೂವಿನ ಸೀರೆ ಕಟ್ಟಿದಳು. ಸಲೈನ್ ಬಾಟಲಿಯನ್ನು ಪರದೆಯ ಆಚೆ ಸರಿಸಿದಳು. ಅವ್ವನನ್ನು ಎಬ್ಬಿಸಿ ಕೂರಿಸಿ, ಬೀಳದಂತೆ ಬೆನ್ನ ಹಿಂದೆ ಕೈ ಕೊಟ್ಟು ಪಕ್ಕದಲ್ಲಿ ಕುಳಿತಳು. ನೋಡಲು ಬಂದಿದ್ದ ನಬಿಸಾಬ್ ಕಮಲಾಪುರದಿಂದ ತಂದ ಕೆಂಪು ಬಾಳೆಯ ಚಿಪ್ಪನ್ನು ಸಾಬಮ್ಮನ ಕೈಗೆ ಕೊಟ್ಟು ತಾವೂ ಪಕ್ಕದಲ್ಲಿ ನಿಂತರು. ಮೂವರೂ ನಕ್ಕು, "ನಾವೆಲ್ಲ ಆರಾಮ ಅದೀವಿ" ಎಂದರು. ಸಾಬಮ್ಮನಿಗೆ ನಕ್ಕರೆ ಹೊಲಿಗೆ ನೋಯುತ್ತಿದ್ದುದರಿಂದ ಕಣ್ಣಲ್ಲಿ ನೀರು ಬಂದಿದ್ದು, ಅದು ಸಂತೋಷದ ನೀರೆಂದು ಎಲ್ಲರೂ ಒಪ್ಪಿ ವಿಡಿಯೋ ಕಳಿಸಲಾಯಿತು.

7. ಆ ವಿಡಿಯೋದಲ್ಲಿ ಅರ್ಜಿದಾರ ಇಲ್ಲ. ಫೋನು ಹಿಡಿದವನು ಅವನೇ ಆಗಿದ್ದುದರಿಂದ ಇರಲು ಸಾಧ್ಯವಿರಲಿಲ್ಲ. ಅಲ್ಲದೆ, ಆಪರೇಷನ್ನಿಗೆ ಒಯ್ಯುವ ಮೊದಲು ನರ್ಸಮ್ಮ ಸಾಬಮ್ಮನ ಕೈಯ ಹಸಿರು ಬಳೆ, ತಾಳಿ, ಮೂಗುಬೊಟ್ಟು, ಕಾಲುಂಗುರ ಎಲ್ಲವನ್ನೂ ತೆಗೆಸಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಅರ್ಜಿದಾರನ ಕೈಗೆ ಕೊಟ್ಟಿದ್ದರು. ಹಣೆಯ ಕುಂಕುಮವನ್ನೂ ಒರೆಸಿದ್ದರು. ಚೀಲ ಅರ್ಜಿದಾರನ ಜೇಬಿನಲ್ಲಿತ್ತು. ಸೀರೆ ಕಟ್ಟಿ ಗೋಡೆ ಮುಚ್ಚಬೇಕೆಂದು ಹೊಳೆದವರಿಗೆ ಬಳೆ ತೊಡಿಸಬೇಕೆಂದು ಹೊಳೆಯಲಿಲ್ಲ.

8. ಆದ್ದರಿಂದ, ಹಿಮದಲ್ಲಿದ್ದ ಮಗನಿಗೆ ಕಂಡದ್ದು ಇಷ್ಟು: ಅವ್ವನ ಕೈ ಬರಿದು, ಕೊರಳು ಬರಿದು, ಹಣೆ ಬರಿದು. ಕಣ್ಣಲ್ಲಿ ನೀರು. ಓಣಿಯ ನಬಿಸಾಬ್ ಬಂದು ನಿಂತಿದ್ದಾರೆ. ಅಪ್ಪ ಇಲ್ಲ. ಎಲ್ಲರೂ ಆರಾಮ ಇದ್ದಾರೆ.

9. ಕೆಲವು ದಿನಗಳ ಮೇಲೆ ಅವನ ಫೋನು ಬಂತು. ಅರ್ಜಿದಾರ ಆಗ ಗುಳಿಗೆ ತರಲು ಆಸ್ಪತ್ರೆಯ ಕೆಳಗಿನ ಮೆಡಿಕಲ್ಲಿಗೆ ಇಳಿದಿದ್ದ. ಎತ್ತಿದವಳು ಪಂಚಶೀಲಾ. ನಡೆದ ಮಾತನ್ನು ಅವಳ ಹೇಳಿಕೆಯಂತೆ ಇಲ್ಲಿ ನಮೂದಿಸಿದೆ:

"ಅವ್ವ ಹ್ಯಾಂಗದಾಳ?"

"ಆರಾಮ ಅದಾಳೋ ಅಣ್ಣ. ನೀ?"

"ಆರಾಮ ಅದೀನಿ."

ಇಷ್ಟು ಹೇಳಿ ಅವನು ನಿಂತ. ಇವಳು "ಹಲೋ, ಹಲೋ" ಅಂದಳು. ಲೈನ್ ಹೋಯಿತೆಂದು ತಿಳಿದಳು. ಲೈನ್ ಹೋಗಿರಲಿಲ್ಲ. ಬಹಳ ಹೊತ್ತಿನ ಮೇಲೆ ಅವನು, "ಅವ್ವನ್ನ ಒಬ್ಬಾಕಿನ್ನೇ ಬಿಡಬ್ಯಾಡ" ಅಂದು ಫೋನು ಇಟ್ಟ. ಆಪರೇಷನ್ನಿನ ಸುದ್ದಿ ಹೇಗೋ ಗೊತ್ತಾಗಿರಬೇಕು ಎಂದು ಇವಳು ತಿಳಿದಳು. ಅವನು ಅಷ್ಟು ಹೊತ್ತು ಯಾವುದಕ್ಕೆ ಕಾದಿದ್ದನೆಂದು ಅರ್ಜಿದಾರನಿಗೆ ಮಾತ್ರ ತಿಳಿಯಬಹುದಿತ್ತು. ಅವನು ಕೆಳಗೆ ಚಿಲ್ಲರೆಗಾಗಿ ನಿಂತಿದ್ದ.

10. ಆಮೇಲೆ ಫೋನು ಬಂದಿಲ್ಲ. ಹಿಮ ಹೆಚ್ಚಾಗಿ ಲೈನು ಸಿಗುತ್ತಿಲ್ಲವೆಂದು ಗುಂಪಿನಲ್ಲಿ ತಿಳಿಸಲಾಗಿದೆ. ಬಂದದ್ದು ಉಲ್ಲೇಖ 1ರ ವಿಡಿಯೋ. ಅದರಲ್ಲಿ, ಸೈನಿಕರು ಒಬ್ಬರಿಗೊಬ್ಬರು ಕ್ಷೌರ ಮಾಡಿಕೊಳ್ಳುವುದನ್ನು ಸಂಗೀತದೊಂದಿಗೆ ತೋರಿಸಿ, ಹೊಸ ಸ್ಟೈಲ್ ಎಂದು ತಮಾಷೆಯಾಗಿ ಹೇಳಲಾಗಿದೆ. ಕುರ್ಚಿಯಲ್ಲಿದ್ದವನು ಜೈಭೀಮ. ತಲೆ ಪೂರ್ತಿ ಬೋಳು. ಮೀಸೆಯೂ ಇಲ್ಲ. ಸುತ್ತಲಿನವರು ಚಪ್ಪಾಳೆ ತಟ್ಟುತ್ತಿದ್ದರು. ಕತ್ತಿ ಹಿಡಿದಿದ್ದ ಅವನ ಗೆಳೆಯ ಗುಫ್ರಾನ್ ಮಾತ್ರ ನಗುತ್ತಿರಲಿಲ್ಲ. ಗುಂಪಿನಲ್ಲಿ ಬರೆಯುವ ಅಧಿಕಾರ ಪಲ್ಟನ್ನಿಗೆ ಮಾತ್ರ ಇದ್ದು, ಕುಟುಂಬಗಳಿಗೆ ಹೆಬ್ಬೆರಳು ಮತ್ತು ಹೃದಯ ಒತ್ತಲು ಅವಕಾಶವಿದೆ. ದೇಶದ ನಾನಾ ಊರುಗಳಿಂದ ಹೆಬ್ಬೆರಳುಗಳು ಬಂದವು. ಪಂಚಶೀಲಾಳೂ ಒಂದು ಒತ್ತಿ, ನಂತರ ವಾಪಸ್ ಪಡೆದಳು.

ವಿಡಿಯೋದ ಕೊನೆಗೆ ಅವನು ಹೇಳಿದ್ದು: "ಅವ್ವಾ, ನಾ ಆರಾಮ ಅದೀನಿ."

11. ಸಾಬಮ್ಮ ಅಷ್ಟರಲ್ಲಿ ಕಮಲಾಪುರದ ಮನೆಗೆ ಬಂದಿದ್ದಳು. ವಿಡಿಯೋ ನೋಡಿ, ತನ್ನ ಬಳೆ ಮುಟ್ಟಿಕೊಂಡು ಅಂದಳು:

"ರೀ, ನೀವು ಹೋಗೀರಿ ಅಂತ ತಿಳಕೊಂಡಾನ್ರಿ ಹುಡುಗ."

"ಎಲ್ಲಿಗಿ?"

"ಎಲ್ಲಿಗೇನು. ಮ್ಯಾಲಕ್ಕ."

ಅರ್ಜಿದಾರನಿಗೆ ತಾನು ಸತ್ತಿರುವ ವಿಷಯ ತಿಳಿದುಬಂದದ್ದು ಹೀಗೆ.

12. ಮಗ ಯಾಕೆ ಬಾಯಿಬಿಟ್ಟು ಕೇಳಲಿಲ್ಲವೆಂದು ಸಾಹೇಬರಿಗೆ ಅನಿಸಬಹುದು. ಅದಕ್ಕೊಂದು ಪೂರ್ವನಿದರ್ಶನವಿದೆ. ಅವನು ತರಬೇತಿಯಲ್ಲಿದ್ದಾಗ ಅವನ ಸೋದರಮಾವ ತೀರಿಕೊಂಡರು. ತರಬೇತಿ ಕೆಡಬಾರದೆಂದು ತಿಳಿಸಿರಲಿಲ್ಲ. ಕೇಳಿದಾಗಲೆಲ್ಲ "ಮಾಮ ಆರಾಮ ಅದಾನ" ಎಂದೆವು. ಅವನಿಗೆ ತರಬೇತಿ ಕೊಡುತ್ತಿದ್ದ ಉಸ್ತಾದರಿಂದಲೂ ಹಾಗೇ ಹೇಳಿಸಿದೆವು. ರಜೆಗೆ ಬಂದವನು ಮಾವನಿಗೆ ತಂದ ಉಣ್ಣೆ ಟೋಪಿ ಹಿಡಿದು ಕಮಲಾಪುರದಲ್ಲಿ ಬಸ್ ಇಳಿದಾಗ, ಅಲ್ಲಿ ಹಣ್ಣು ಮಾರುತ್ತಿದ್ದ ನಬಿಸಾಬರ ಬಾಯಿಂದ ವಿಷಯ ತಿಳಿಯಿತು. ಅವನು ಮನೆಯಲ್ಲಿ ಯಾರನ್ನೂ ಬಯ್ಯಲಿಲ್ಲ. ಟೋಪಿಯನ್ನು ಅರ್ಜಿದಾರನಿಗೆ ಕೊಟ್ಟ. ಅಂದಿನಿಂದ ನಮ್ಮ ಮನೆಯ ಆರಾಮಿಗೆ ಅವನ ಲೆಕ್ಕದಲ್ಲಿ ಬೆಲೆಯಿಲ್ಲ. ಆದರೆ ಮನೆಯವರು ಮುಚ್ಚಿದ್ದನ್ನು ಕೆದಕಿ ಅವರನ್ನು ನೋಯಿಸಬಾರದೆಂಬ ಮರ್ಯಾದೆ ಅವನಲ್ಲಿದೆ. ಅಪ್ಪ ಸತ್ತದ್ದಕ್ಕೆ ಅವನು ರಜೆಯನ್ನೂ ಕೇಳಿಲ್ಲವೆಂಬುದನ್ನು ತಾವು ದಾಖಲೆಗಳಿಂದ ಪರಿಶೀಲಿಸಬಹುದು.

13. ಈ ನಡುವೆ ಗುಂಪಿನ ಅಧಿಕಾರಿಗಳಿಗೆ ಪಂಚಶೀಲಾ ಬೇರೆಯಾಗಿ ಸಂದೇಶ ಕಳಿಸಿ, ಅಪ್ಪ ಚೆನ್ನಾಗಿದ್ದಾರೆಂದು ಅಣ್ಣನಿಗೆ ತಿಳಿಸಿ ಎಂದು ಕೋರಿದಳು. ಮರುದಿನ ಉತ್ತರ ಬಂತು: ಮನೆಯಲ್ಲಿ ಎಲ್ಲರೂ ಆರಾಮ ಎಂದು ತಿಳಿಸಲಾಗಿದೆ, ಅವನು "ಗೊತ್ತು ಸಾಬ್" ಎಂದಿದ್ದಾನೆ, ಮನೋಬಲ ಉತ್ತಮವಾಗಿದೆ. ಜೊತೆಗೆ ಒಂದು ಹೆಬ್ಬೆರಳು.

14. ಆಮೇಲೆ ಅರ್ಜಿದಾರನು ನಬಿಸಾಬರೊಂದಿಗೆ ಮಾಜಿ ಸೈನಿಕ ದೇವೀಂದ್ರಪ್ಪನವರನ್ನು ಕಂಡ. ಅವರು ಪೂರ್ತಿ ಕೇಳಿ, "ಅಪ್ಪ ಸತ್ತರ ಸುದ್ದಿ ಹೋಗ್ತದ, ರಜಾ ಸಿಗ್ತದ, ಎಲ್ಲಾಕ್ಕೂ ದಾರಿ ಅದ. ಅಪ್ಪ ಸಾಯದಿದ್ದರ ಏನು ಮಾಡಬೇಕಂತ ಯಾವ ಸಾಹೇಬನೂ ಬರೆದಿಟ್ಟಿಲ್ರಿ" ಎಂದರು. ಫೋಟೋ ಕಳಿಸಲೇ ಎಂದು ಕೇಳಿದ್ದಕ್ಕೆ, "ಹಳೇದು ಅಂತಾನ" ಎಂದರು.

ನಬಿಸಾಬ್ ಚಹಾ ಹೇಳಿ, "ಅಂಬಣ್ಣ, ನಿಂದೇ ತಪ್ಪು ನೋಡು. ಇದ್ದಾಗೂ ಮಾತಿಲ್ಲ, ಸತ್ತಾಗೂ ಮಾತಿಲ್ಲ. ಹುಡುಗ ಹ್ಯಾಂಗ ಫರಕ ಹಿಡಿಬೇಕು?" ಎಂದರು.

ಅರ್ಜಿದಾರ ಅದಕ್ಕೆ ಉತ್ತರ ಕೊಡಲಿಲ್ಲ.

"ಇದಾ, ಇದನ್ನೇ ಹೇಳಿದ್ದು ನಾ" ಎಂದು ನಬಿಸಾಬ್ ದೇವೀಂದ್ರಪ್ಪನವರಿಗೆ ತೋರಿಸಿದರು.

15. ಅರ್ಜಿದಾರನು ಬದುಕಿರುವುದಕ್ಕೆ ದಾಖಲೆಗಳ ಕೊರತೆಯಿಲ್ಲ. ಪಿಂಚಣಿಗಾಗಿ ಕಲಬುರಗಿಯ ಬ್ಯಾಂಕಿನಲ್ಲಿ ಹೆಬ್ಬೆರಳು ಒತ್ತಿದ್ದು, ಅಲ್ಲಿಯ ಯಂತ್ರ ಅವನು ಜೀವಂತವೆಂದು ಮುಂದಿನ ವರ್ಷದವರೆಗೆ ಒಪ್ಪಿಕೊಂಡಿದೆ. ಆದರೆ ಮಗನಿಗೆ ಯಂತ್ರದ ಮಾತು, ಸಾಹೇಬರ ಮಾತು, ಮನೆಯವರ ಮಾತು ಮೂರೂ ಆರಾಮಿನ ಮಾತೇ. ಅವನು ಅಪ್ಪನಿಲ್ಲದ ದುಃಖವನ್ನು ಎದೆಯೊಳಗಿಟ್ಟುಕೊಂಡು, ಮಂಜುಗಡ್ಡೆಯ ಮೇಲೆ ಕಾವಲು ನಿಂತಿದ್ದಾನೆ. ಕಾಲು ಜಾರುವ ಜಾಗ. ಅಲ್ಲಿ ಇಲ್ಲದ ಭಾರ ಹೊತ್ತು ನಿಲ್ಲುವುದು ಸರಿಯಲ್ಲ. ಆ ಭಾರ ಎಂದಾದರೂ ಬರುವುದೇ ಇದೆ. ಬಂದಾಗ ಹೊರಲಿ. ಈಗ ಅದಕ್ಕೆ ಅವಧಿಯಾಗಿಲ್ಲ.

16. ಕನ್ನಡದಲ್ಲಿ ಬರೆದ ಕಾರಣ: ತಮ್ಮ ಚೌಕಿಯಲ್ಲಿ ಕನ್ನಡ ಓದಬಲ್ಲವನು ತಾನೊಬ್ಬನೇ ಎಂದು ಜೈಭೀಮ ಹಿಂದೆ ಹೇಳಿದ್ದಾನೆ. ಆದ್ದರಿಂದ ಈ ಅರ್ಜಿ ತಮ್ಮ ಮೇಜಿಗೆ ಬಂದಾಗ, ಇದರಲ್ಲಿ ಏನಿದೆ ನೋಡು ಎಂದು ತಾವು ಅವನನ್ನೇ ಕರೆಸಬೇಕಾಗುತ್ತದೆ. ಹಾಗೆ ಕರೆಸಿದ್ದೇ ಆದರೆ ಈ ಹೊತ್ತಿಗೆ ಅವನು ತಮ್ಮ ಮುಂದೆ ನಿಂತು ಇದೇ ಸಾಲನ್ನು ಓದುತ್ತಿದ್ದಾನೆ. ಕೈಬರಹ ಯಾರದೆಂದು ಅವನಿಗೆ ಮೊದಲ ಸಾಲಿನಲ್ಲೇ ಗೊತ್ತಾಗಿರುತ್ತದೆ. ಆದರೂ ಪೂರ್ತಿ ಓದುತ್ತಾನೆ, ಏಕೆಂದರೆ ನಡುವೆ ನಿಲ್ಲಿಸುವುದನ್ನು ಅವನಿಗೆ ಕಲಿಸಿಲ್ಲ.

ಆದಕಾರಣ ತಮ್ಮಲ್ಲಿ ಕೋರುವುದೇನೆಂದರೆ, ಇದನ್ನು ಓದಿ ಮುಗಿಸಿದ ಮೇಲೆ ಅವನಿಗೆ ಕೂರಲು ಒಂದು ಕುರ್ಚಿ ಕೊಡಿಸುವುದು. ಹೇಗಿದ್ದೀ ಎಂದು ಕೇಳುವುದು. ಅವನು ರೂಢಿಯಂತೆ "ಆರಾಮ ಅದೀನಿ" ಅಂದು ನಿಲ್ಲುತ್ತಾನೆ. ನಿಂತ ಕೂಡಲೇ ಲಗತ್ತು 1ನ್ನು ಕೇಳಿಸುವುದು. ಅದನ್ನು ಕೇಳಿದ ಮೇಲೆ, ಆರಾಮ ಅಲ್ಲದ ಯಾವುದಾದರೂ ಮಾತು ಅವನ ಬಾಯಿಂದ ಬಂದಲ್ಲಿ, ಅದನ್ನು ಪಲ್ಟನ್ನಿನ ಮನೋಬಲಕ್ಕೆ ಧಕ್ಕೆ ಎಂದು ಪರಿಗಣಿಸದಿರಲು ವಿನಂತಿ. ಅದು ಮುಂದಿನ ನುಡಿ. ಎಷ್ಟು ಉದ್ದ ಇದ್ದರೂ ಅರ್ಜಿದಾರ ಕೇಳುತ್ತಾನೆ. ಲೈನು ಸಿಕ್ಕ ದಿನ ಫೋನಿನ ಪಕ್ಕದಲ್ಲೇ ಇರುತ್ತಾನೆ. ಗುಳಿಗೆ ತರಲು ನಬಿಸಾಬರನ್ನು ನೇಮಿಸಲಾಗಿದೆ.

ಈ ಅರ್ಜಿ ಇತ್ಯರ್ಥವಾಗುವವರೆಗೆ ಅರ್ಜಿದಾರನು ಜೀವಂತವಾಗಿರಲು ಬದ್ಧನಾಗಿರುತ್ತಾನೆ.

ತಮ್ಮ ಉತ್ತರದ ದಾರಿ ಕಾಯುವ ವಿಶ್ವಾಸಿ,
(ಸಹಿ) ಅಂಬಣ್ಣ
ಸಿಪಾಯಿ ಜೈಭೀಮನ ಅಪ್ಪ

ಲಗತ್ತುಗಳು:
1. ಪೆನ್ ಡ್ರೈವ್ ಒಂದು. ಒಳಗೆ ಅರ್ಜಿದಾರನ ಧ್ವನಿಯಲ್ಲಿ ಒಂದೇ ಮಾತು: "ಹೌದು." (ಮೊದಲು ಹೇಳಿದ್ದು ಕಚೇರಿಯ ಧ್ವನಿಯಲ್ಲಿ ಬಂದಿದೆಯೆಂದು ಪಂಚಶೀಲಾ ತಿರಸ್ಕರಿಸಿದ್ದು, ಇದು ಎರಡನೆಯದು. ಹಿಂದೆ ಕೇಳುವುದು ಸಾಬಮ್ಮನ ಬಳೆ ಸದ್ದು.)
2. ಬ್ಯಾಂಕು ಒಪ್ಪಿದ ಜೀವಿತ ಪ್ರಮಾಣ ಪತ್ರದ ನಕಲು.
3. ಸಾಬಮ್ಮನ ಡಿಸ್ಚಾರ್ಜ್ ಚೀಟಿ, ಮುಚ್ಚುಮರೆಯಿಲ್ಲದೆ.
4. ಉಣ್ಣೆ ಟೋಪಿ ಒಂದು. ಮಾವನಿಗೆಂದು ತಂದದ್ದು. ಕೂದಲು ಬರುವವರೆಗೆ ಸದರಿ ಸಿಪಾಯಿ ಹಾಕಿಕೊಳ್ಳತಕ್ಕದ್ದು. ನಂತರ ಅರ್ಜಿದಾರನಿಗೆ ಖುದ್ದಾಗಿ ತಂದು ಹಿಂದಿರುಗಿಸತಕ್ಕದ್ದು.