ಹನ್ನೊಂದು ದಿನ ಬೆಳೆಯದ ಸೀಳು

ನಮ್ಮ ಜೀಪಿನ ಚಾಸಿಸ್ ಸೀಳಿದೆ ಎಂದು ಇಡೀ ಇಂಡಿ ತಾಲ್ಲೂಕಿನಲ್ಲಿ ಮೊಟ್ಟಮೊದಲು ಕಂಡುಹಿಡಿದವಳು ನಾನೇ! ಇಂಥ ದೊಡ್ಡ ಮಾತನ್ನು ನಾನು ಬಾಯಿಬಿಟ್ಟು ಎಲ್ಲೂ ಆಡಿದವಳಲ್ಲ. ಬರೆಯುವಾಗ ಎದುರಿಗೆ ಯಾರೂ ನಿಂತಿರುವುದಿಲ್ಲ, ಆ ಧೈರ್ಯ.

ನನ್ನ ಹೆಸರು ಪ್ರಿಯದರ್ಶಿನಿ. ವಯಸ್ಸು ಹದಿನೇಳು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ನಾನು "ಎಸ್ ಸರ್" ಅನ್ನುತ್ತಿದ್ದದ್ದು ನನಗಷ್ಟೇ ಕೇಳಿಸುತ್ತಿತ್ತು. ವರ್ಷದ ಕೊನೆಗೆ ನನ್ನ ಹಾಜರಿ ನೂರಕ್ಕೆ ಒಂಬತ್ತು. ನಾನು ಕಾಲೇಜು ಬಿಟ್ಟೆನೆಂದು ಜನ ಅನ್ನುತ್ತಾರೆ. ನಾನು ದಿನವೂ ಅಲ್ಲೇ ಕೂತಿದ್ದೆ. ಆ ಸಂಗತಿ ಕಾಲೇಜಿಗೆ ಗೊತ್ತಿರಲಿಲ್ಲ, ಅಷ್ಟೆ.

ಜೀಪಿಗೆ ಹಾಜರಿ ಬೇಕಿಲ್ಲ. ಅದು ನನ್ನನ್ನು ಏನೂ ಕೇಳುವುದಿಲ್ಲ. ಹಾಗಾಗಿ ನಮ್ಮಿಬ್ಬರಿಗೂ ಹೊಂದಿಕೆಯಾಯಿತು. ಇಂಡಿಯ ಯಾಸೀನ ಕಾಕಾನ ಗ್ಯಾರೇಜಿನಲ್ಲಿ ಕೆಲಸ ಕಲಿಯಬೇಕೆಂಬುದು ನನ್ನ ಆಸೆ. ಫೋನಿನಲ್ಲಿ ಕಲ್ಲುಬಂಡೆ ಹತ್ತುವ ಜೀಪುಗಳ ವಿಡಿಯೋ ಇನ್ನೂರರ ಮೇಲೆ ನೋಡಿ, ಮನಸ್ಸಿನಲ್ಲೇ ಪದವಿ ಪಡೆದಿದ್ದೆ.

ನಮ್ಮ ಜೀಪು ಡಾಂಬರು ಕಾಣುವುದು ಹಬ್ಬಕ್ಕೊಮ್ಮೆ. ಅಗರಖೇಡದ ಆಚೆ ಹೊಲದಲ್ಲಿರುವ ನಮ್ಮ ವಸ್ತಿಯಿಂದ ಕುರಿ ಹಟ್ಟಿಗೆ ನೀರಿನ ಡ್ರಮ್ಮು ಹೊತ್ತು, ಎರಿ ಮಣ್ಣಿನ ತಗ್ಗು, ಹಳ್ಳದ ಕಲ್ಲು ಎಲ್ಲವನ್ನೂ ದಿನಕ್ಕೆರಡು ಸಲ ದಾಟುತ್ತದೆ. ಓಡಿಸುವವನು ನನ್ನಣ್ಣ ಯಲ್ಲಾಲಿಂಗ. ತಗ್ಗು ಕಂಡರೆ ಅವನು ವೇಗ ಹೆಚ್ಚಿಸುತ್ತಾನೆ, ಬೇಗ ಮುಗಿದುಹೋಗಲಿ ಎಂದು! ಪರಿಣಾಮವಾಗಿ ಹಿಂದಿನ ಎಡಗಾಲಿಯ ಸ್ಪ್ರಿಂಗ್ ಪಟ್ಟಿಗಳು ಸೋತು, ಜೀಪು ಒಂದು ಕಾಲು ಕುಂಟುವವರ ಹಾಗೆ ಎಡಕ್ಕೆ ವಾಲಿತ್ತು. ಕೆಳಗೆ ತೂರಿ ನೋಡಿದೆ. ಪಟ್ಟಿಗಳು ಚಾಸಿಸ್ಸಿಗೆ ಕೂಡುವ ಜಾಗದಿಂದ ಕೂದಲೆಳೆಯಂಥ ಸೀಳೊಂದು ಹೊರಗೆ ಇಣುಕಿತ್ತು.

ಅಪ್ಪನಿಗೆ ಹೇಳಿದೆ. ಅಂದರೆ ಅವ್ವನ ಕಿವಿಯಲ್ಲಿ ಹೇಳಿದೆ, ಅವ್ವ ಅಪ್ಪನಿಗೆ ಹೇಳಿದಳು.

"ಈಗ ಗ್ಯಾರೇಜಿಗೆ ಬಿಟ್ರ ಕುರಿಗೆ ನೀರು ಇಂಜಿನಿಯರ್ ಬಾಯಿಯವರು ತಲಿಮ್ಯಾಲ ಒಯ್ತಾರೇನು?" ಎಂದ ಅಪ್ಪ ಮಾಳಿಂಗಪ್ಪ. "ಹನ್ನೆರಡು ದಿನಕ್ಕ ಸುವರ್ಣಾನ ಕುಬಸ ಐತಿ. ಅದು ಮುಗೀಲಿ."

ಸುವರ್ಣಾ ನನ್ನಕ್ಕ, ಬಸವನ ಬಾಗೇವಾಡಿಗೆ ಕೊಟ್ಟಿದೆ, ಈಗ ಏಳು ತಿಂಗಳ ಬಸುರಿ. ಅವ್ವ, ಅಪ್ಪನ ತಾಯಿ ನಮ್ಮ ಆಯಿ, ಪಕ್ಕದ ವಸ್ತಿಯ ನಜಮಾ ಕಾಕೂ, ಹೀಗೆ ತವರಿನ ಹೆಂಗಸರೆಲ್ಲ ಸೀಮಂತದ ರೊಟ್ಟಿ, ಉಂಡಿ, ಸೀರೆ ಹೊತ್ತು ಇದೇ ಜೀಪಿನಲ್ಲಿ ಹೋಗಬೇಕು. ನನಗೆ ಎಲ್ಲಿಂದಲೋ ವೀರಾವೇಶ ಬಂತು!

"ಸೀಳು ಬೆಳೀಲಿಲ್ಲಂದ್ರ ಅಂಜೂದು ಬ್ಯಾಡ. ಬೆಳಿತೈತೋ ಇಲ್ಲೋ, ದಿನಾ ನಾ ನೋಡತೇನಿ," ಎಂದೆ. ಮನೆಯವರೆಲ್ಲ ನನ್ನ ದನಿ ಕೇಳಿ ಸುತ್ತಲೂ ನೋಡಿದರು, ಯಾರು ಬಂದರೆಂದು.

ಅಪ್ಪ ನಕ್ಕ. "ಆಗಲಿ. ಎಲ್ಲಾರನ್ನೂ ಬಾಗೇವಾಡಿಗೆ ಸುಖರೂಪ ಮುಟ್ಟಿಸಿದಿ ಅಂದ್ರ ಯಾಸೀನಗ ನಾನ ಹೇಳಿ ನಿನ್ನ ಕೆಲಸಕ್ಕ ಹಚ್ಚತೇನಿ. ದಾರ್ಯಾಗ ಮುರದು ಕುಂತ್ರ ಮತ್ತ ಕಾಲೇಜು. ಮೊದಲನೇ ಬೆಂಚು!"

ಮೊದಲನೇ ಬೆಂಚು!

ನನ್ನ ವಿಧಾನ ಸರಳವೂ ವೈಜ್ಞಾನಿಕವೂ ಆಗಿತ್ತು. ಸೀಳಿನ ತುದಿಗೆ ಸರಿಯಾಗಿ ಒಂದು ಗೆರೆ ಎಳೆಯುವುದು. ಸೀಳು ಗೆರೆ ದಾಟಿದರೆ ಬೆಳೆದಿದೆ ಎಂದರ್ಥ. ಕಪ್ಪು ಚಾಸಿಸ್ ಮೇಲೆ ಎದ್ದು ಕಾಣುವ ಬಣ್ಣ ಬೇಕಲ್ಲ? ದೇವರ ಜಗಲಿಯ ಮೇಲೆ ಭಂಡಾರದ ಬಟ್ಟಲಿತ್ತು. ನಮ್ಮ ಮನೆದೇವರು ಮಾಳಿಂಗರಾಯನಿಗೆ ಏರಿಸುವ ಅಪ್ಪಟ ಅರಿಷಿಣ ಪುಡಿ. ಒಂದು ಹನಿ ಎಣ್ಣೆಯಲ್ಲಿ ಕಲಸಿ ಗೆರೆ ಎಳೆದೆ.

ದಿನವೂ ಬೆಳಗಿನ ಏಳಕ್ಕೆ ಗೋಣಿಚೀಲ ಹಾಸಿ, ಬ್ಯಾಟರಿ ಹಿಡಿದು, ಜೀಪಿನ ಕೆಳಗೆ ಹೋಗುತ್ತಿದ್ದೆ. ಸೀಳಿನ ತುದಿಗೂ ಗೆರೆಗೂ ನಡುವಿನ ಅಂತರ ಸೊನ್ನೆ. ಆ ಸೊನ್ನೆಯನ್ನೂ ಸ್ಕೇಲಿಟ್ಟು ಎರಡು ಸಲ ಅಳೆದೇ ವಹಿಯಲ್ಲಿ ಬರೆಯುತ್ತಿದ್ದೆ. ಸೋಮವಾರ: ಬೆಳೆದಿಲ್ಲ. ಮಂಗಳವಾರ: ಬೆಳೆದಿಲ್ಲ. ಬುಧವಾರ ಅಣ್ಣ ಹಳ್ಳದಲ್ಲಿ ಜೀಪನ್ನು ಆಳೆತ್ತರ ಹಾರಿಸಿದ್ದ, ಆದರೂ ಬೆಳೆದಿಲ್ಲ! ಹೀಗೆ ಹನ್ನೊಂದು ದಿನ. ಇಷ್ಟು ಶಿಸ್ತಿನ ಸೀಳನ್ನು ಯಾವ ವಿಡಿಯೋದಲ್ಲೂ ನಾನು ನೋಡಿರಲಿಲ್ಲ.

ಸೋತ ಸ್ಪ್ರಿಂಗಿಗೂ ಉಪಾಯ ಮಾಡಿದೆ. ಎಡಕ್ಕೆ ಭಾರ ಬೀಳದಂತೆ, ಯಾರು ಎಲ್ಲಿ ಕೂರಬೇಕೆಂದು ಚೀಟಿ ಬರೆದು ಬಾಗಿಲಿಗೆ ಅಂಟಿಸಿದೆ. ಬಾಯಿಂದ ಹೇಳಲು ನಾಚಿಕೆ, ನೋಡಿ.

ಕುಬಸದ ದಿನ ಅಪ್ಪನ ಅಕ್ಕ ಶೆಟ್ಟೆವ್ವತ್ತಿ ಚೀಟಿಯ ಮುಂದೆ ನಿಂತು, ಅಣ್ಣನಿಂದ ಓದಿಸಿದಳು.

"'ಬಲಗಡೆ: ಶೆಟ್ಟೆವ್ವತ್ತಿ. ಎಡಗಡೆ: ಅವ್ವ, ಆಯಿ, ನಜಮಾ ಕಾಕೂ, ರೊಟ್ಟಿ ಬುಟ್ಟಿ.'"

"ನನ್ನ ಕೂಡ ಬಲಕ್ಕ ಯಾರು?"

"ಯಾರೂ ಇಲ್ಲತ್ತಿ. ನೀ ಒಬ್ಬಾಕಿನ."

ಅತ್ತಿ ನನ್ನ ಕಡೆ ನೋಡಿದಳು. ನಾನು ನೆಲ ನೋಡಿದೆ. "ಮೂರು ಮಂದಿ, ಇನ್ನೂರು ರೊಟ್ಟಿ ಕೂಡಿದ್ರ ನಾ ಒಬ್ಬಾಕಿ ಅಂತ ಲೆಕ್ಕಾ ಹಾಕೀಯಲ್ಲ, ಭಾಳ ಶಾಣ್ಯಾ ಆಗೀ! ಮಾಳಿಂಗಾ, ನಿನ್ನ ಮಗಳು ಬಾಯಿ ತೆಗೀಲಾರದನ ಎಷ್ಟು ಮಾತಾಡತಾಳಪಾ!"

ಸಿಟ್ಟಿಗೆ ಅತ್ತಿ ಎಡಗಡೆಯೇ ಹತ್ತಿ ಕೂತಳು. ಅದೂ ಸರಿಯಾಗಿ ಗಾಲಿಯ ಮೇಲೆ. ಏಳಿ ಎನ್ನಲು ನನಗೆ ದನಿ ಹೊರಡಲಿಲ್ಲ. ಇರಲಿ, ಸೀಳು ಬೆಳೆದಿಲ್ಲವಲ್ಲ! ವಹಿಯೇ ಸಾಕ್ಷಿ!

ಅಪ್ಪ, ನಾನು ಮುಂದೆ ಅಣ್ಣನ ಪಕ್ಕ ಕೂತೆವು. ಹಳ್ಳ ಬಂತು. ಅಣ್ಣ ಎಂದಿನಂತೆ ವೇಗ ಹೆಚ್ಚಿಸಿದ. ಕೆಳಗಿನಿಂದ "ಫಟ್" ಎಂದು ಸದ್ದಾಯಿತು. ಜೀಪಿನ ಎಡಮೂಲೆ ಕುಸಿದು ಕುಳಿತಿತು. ರೊಟ್ಟಿಗಳು ಹಳ್ಳಕ್ಕೆ ಸುರಿದವು, ಉಂಡಿಗಳು ಕಲ್ಲುಗಳ ನಡುವೆ ಉರುಳಿದವು, ಇಬ್ಬರ ಮೇಲೆ ಅತ್ತಿ ಕೂತಿದ್ದಳು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

"ನೋಡ್ರಿ ನೋಡ್ರಿ, ನನ್ನಿಂದನ ಮುರೀತು ಅಂತ ಈಗ ಚೀಟಿ ಬರೀತಾಳ!" ಎಂದಳು ಅತ್ತಿ.

ಅಪ್ಪ ಏನೂ ಬಯ್ಯಲಿಲ್ಲ. "ಕಾಲೇಜಿಗೆ ಹೊಸಾ ಚೀಲ ಕೊಡಸಲೇನವಾ?" ಎಂದಷ್ಟೇ ಕೇಳಿದ. ಬೈದಿದ್ದರೆ ಚೆನ್ನಾಗಿತ್ತು.

ಅಣ್ಣ ಫೋನು ಮಾಡಿದ. ಹೆಂಗಸರನ್ನು ಬಾಗೇವಾಡಿಗೆ ಮುಟ್ಟಿಸಲೆಂದು ಯಾಸೀನ ಕಾಕಾ ತಮ್ಮ ಟೆಂಪೋ ತಂದರು. ಬುಟ್ಟಿಗಳು ಏರುವಷ್ಟರಲ್ಲಿ ಜೀಪಿನ ಕೆಳಗೆ ಹೋಗಿ ನೋಡಿ, ಎದ್ದು ಬಂದು ಕೇಳಿದರು:

"ಸೀಳಿಗೆ ಈ ಹಳದಿ ಗುರ್ತು ಯಾರು ಮಾಡಿದ್ರಿ?"

ಜನ್ಮದಲ್ಲಿ ಎರಡನೇ ಸಲ ನಾನು ನಾಲ್ವರಿಗೆ ಕೇಳುವಂತೆ, "ನಾನ್ರಿ ಕಾಕಾ!" ಎಂದೆ.

"ಯಾವಾಗ?"

"ಹನ್ನೊಂದು ದಿನ ಆತ್ರಿ."

"ಸುಳ್ಳು ಹೇಳಬ್ಯಾಡ. ಇದು ಇವತ್ತಿಂದು. ಎಣ್ಣಿ ಇನ್ನೂ ಹಸಿ ಐತಿ."

ಆಗ ನನ್ನ ಆಯಿ, ಎಪ್ಪತ್ತೆರಡು ವರ್ಷದ ಇಂದ್ರಾಬಾಯಿ, ಮುಂದೆ ಬಂದಳು. "ಅದು ನಾ ಹಚ್ಚಿದ್ದೋ ತಮ್ಮಾ. ದಿನಾ ಹೊತ್ತು ಮೂಡೂಕಿಂತ ಮೊದಲ ಹಚ್ಚತೇನಿ. ಹುಡುಗಿ ಕಾಲೇಜು ಬಿಟ್ರೂ ಜೀಪಿಗೆ ಭಂಡಾರ ಹಚ್ಚೂವಷ್ಟು ಭಕ್ತಿ ಬಂತಲ್ಲಂತ ಖುಷಿ ಆತು. ಆದ್ರ ನಿನ್ನಿ ಭಂಡಾರ ಇವತ್ತು ನಡೀತೈತೇನು? ಹಳೇದು ಒರಸೂದು, ಹೊಸಾದು ಹಚ್ಚೂದು."

"ದಿನಾ ಒಂದ ಜಾಗಾಕ್ಕ?"

"ಒಂದ ಜಾಗಾಕ್ಕ ಯಾಕ? ಸೀಳಿನ ತುದಿಗೆ ಹಚ್ಚಬೇಕಲ್ಲ! ಅದು ದಿನಾ ಮುಂದ ಹೊಂಟಿತ್ತು, ನಾನೂ ಮುಂದ ಹೊಂಟೆ. ನಾಕು ಬೆರಳು ಬೆಳೀತು."

ನನ್ನ ಹನ್ನೊಂದು ಸೊನ್ನೆಗಳು ಸಾಲಾಗಿ ಕಣ್ಣಮುಂದೆ ಹಾದುಹೋದವು.

"ಬೆಳ್ಯಾಕತ್ತೈತಿ ಅಂತ ಯಾರಿಗೂ ಯಾಕ ಹೇಳಲಿಲ್ಲಬೇ?" ಅಪ್ಪ ಚೀರಿದ.

"ನಿನ್ನ ಮಗಳು ದಿನಾ ಮುಂಜಾನೆ ನೋಡಿ ನೋಡಿ ಬರಕೊಂತಿದ್ಲು. ಇಷ್ಟು ಓದಿದಾಕಿಗೆ ನಾ ಏನ್ ಹೇಳಲೋ!"

ಯಾಸೀನ ಕಾಕಾ ನಗಲಿಲ್ಲ. ಸೀಳಿನ ತುದಿ ಎಲ್ಲಿದೆ ಎಂದು ಸರಿಯಾಗಿ ಸಿಕ್ಕರೆ ಮಾತ್ರ ಅಲ್ಲಿಗೊಂದು ತೂತು ಹೊಡೆದು, ಸೀಳನ್ನು ಅಲ್ಲೇ ನಿಲ್ಲಿಸಿ ವೆಲ್ಡಿಂಗ್ ಮಾಡಲು ಬರುತ್ತದೆ. ಗ್ರೀಸು, ಮಣ್ಣಿನ ನಡುವೆ ಅದು ಅವರ ಕಣ್ಣಿಗೂ ಸಿಗುವುದು ಕಷ್ಟವಂತೆ.

"ಕತ್ತಲದಾಗ ತುದಿ ಹೆಂಗ ಸಿಕ್ತು?" ಎಂದರು.

"ಬೆರಳಾಡಿಸಿದ್ರ ಗೊತ್ತಾಗತೈತಿ. ಕುರಿ ಗೊರಸಿನಾಗಿನ ಮುಳ್ಳು ಕಣ್ಣಿಲೇ ಹುಡಕತಾರೇನು?"

ಕಾಕಾ ಕೈಯ ಗ್ರೀಸು ಒರೆಸಿಕೊಂಡರು. ಆಮೇಲೆ, "ಸೋಮವಾರದಿಂದ ನಮ್ಮ ಗ್ಯಾರೇಜಿಗೆ ಬರ್ತೀರೇನ್ರಿ?" ಎಂದರು.

"ಬರ್ತೇನ್ರಿ!" ಎಂದುಬಿಟ್ಟೆ. ನನ್ನನ್ನು ಈವರೆಗೆ ಯಾರೂ 'ರಿ' ಹಚ್ಚಿ ಮಾತಾಡಿಸಿದವರಿಲ್ಲ. ಅಲ್ಲೇ ನನಗೆ ತಿಳಿಯಬೇಕಿತ್ತು. ಕಾಕಾ ನನ್ನ ತಲೆಯ ಮೇಲಿಂದ ಆಯಿಯನ್ನು ನೋಡುತ್ತಿದ್ದರು.

ಆಯಿ ಒಂದು ಕಲ್ಲಿನ ಮೇಲೆ ಕೂತು ಸಾವಕಾಶ ಉತ್ತರ ಕೊಟ್ಟಳು. "ಬರ್ತೇನಿ. ಆದ್ರ ನನಗ ಮೊಣಕಾಲ ಬ್ಯಾನಿ. ಕುಂತ್ರ ಏಳಾಕ ಆಗೂದಿಲ್ಲ, ಕೈಹಿಡದು ಎಬ್ಬಸಾಕ ಒಬ್ರು ಬೇಕು. ಇಕಿನ್ನ ಕರಕೊಂಡು ಬರ್ತೇನಿ."

'ಕಾಲೇಜು' ಎನ್ನಲು ಅಪ್ಪ ಬಾಯಿ ತೆರೆದ. ಆಯಿ ಅವನ ಕಡೆ ಒಮ್ಮೆ ನೋಡಿದಳು. ಅಪ್ಪ ಬಾಯಿ ಮುಚ್ಚಿದ.

"ಏನ್ ನೋಡಕೋತ ನಿಂತೀ?" ಎಂದು ಆಯಿ ನನ್ನತ್ತ ಕೈ ಚಾಚಿದಳು. "ಎಬ್ಬಸು."

ನನ್ನ ಹೊಸ ಕೆಲಸ ಶುರುವಾಗಲು ಸೋಮವಾರದ ತನಕ ನಾನು ಕಾಯಬೇಕಾಗಲಿಲ್ಲ.